ಬಿಟ್ಟುಹೋಗುವ ಅಂಗಳದಲ್ಲಿ ಪಾರಿಜಾತ

ಕಳೆದ ನವರಾತ್ರಿಯಲ್ಲಿ ಬೊಂಬೆ ನೋಡಲೆಂದು ನಮ್ಮ ಮನೆಗೆ ಬಂದಿದ್ದ ತರುಣ ದಂಪತಿಗಳು ಹೊರಡುವ ಹೊತ್ತಿಗೆ ಒಂದು ಮಾತು ಕೇಳಿದರು. ಬೆಂಗಳೂರಿನಿಂದ ದೆಹಲಿಗೆ ಬಂದು ಅವರಿಗಿನ್ನೂ ಆರು ತಿಂಗಳಾಗಿರಲಿಲ್ಲ. ಸರ್ಕಾರಿ ಕ್ವಾರ್ಟರ್ಸು ಸಿಕ್ಕಿತ್ತು. ಅದೃಷ್ಟಕ್ಕೆ ನೆಲಮಹಡಿ, ಮುಂದೆ ಹತ್ತಡಿ ಅಗಲದ ಅಂಗಳ. ಆಕೆ ಕೇಳಿದ್ದು ಇಷ್ಟು: "ಅಂಕಲ್, ಮಳೆಗಾಲ ಮುಗಿದ ಮೇಲೆ ಅಂಗಳದಲ್ಲಿ ಬಣ್ಣ ಇರಬೇಕು. ಆದರೆ ವರ್ಷ ವರ್ಷವೂ ಬೀಜ ಹಾಕುವ ಗೊಡವೆ ಬೇಡ. ಒಮ್ಮೆ ನೆಟ್ಟರೆ ನಿಲ್ಲುವಂಥ ಗಿಡ ಯಾವುದು ಹೇಳಿ." ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆಯ ಯಜಮಾನರು ನಕ್ಕರು. "ನಾವು ಇಲ್ಲಿರುವುದೇ ಮೂರು ವರ್ಷ. ಒಮ್ಮೆ ನೆಟ್ಟರೆ ನಿಲ್ಲುವ ಗಿಡ ಹಾಕಿ ಯಾರಿಗೆ ಕೊಟ್ಟು ಹೋಗೋಣ? ನಾಲ್ಕು ಚೆಂಡುಹೂವಿನ ಸಸಿ ತಂದರೆ ಆಯಿತಪ್ಪ."

ಆಕೆಯ ಪ್ರಶ್ನೆಗೆ ಉತ್ತರ ನನ್ನ ಬಾಯಲ್ಲೇ ಇತ್ತು, ಹೇಳಿದೆ. ಆತನ ಪ್ರಶ್ನೆಗೆ ಮಾತ್ರ ಏನೋ ತಮಾಷೆ ಮಾಡಿ ಕಳಿಸಿಕೊಟ್ಟೆ. ಅವರು ಹೋದ ಮೇಲೆ ಬೊಂಬೆಗಳ ಮುಂದೆ ಕುಳಿತವನಿಗೆ ನಾನು ಮಾಡಿದ್ದು ತಪ್ಪಿಸಿಕೊಳ್ಳುವ ಉಪಾಯ ಅನ್ನಿಸಿತು. ಆ ಪ್ರಶ್ನೆ ನನಗೆ ಹೊಸದಲ್ಲ. 14 ವರ್ಷ ಕ್ವಾರ್ಟರ್ಸಿನಲ್ಲಿದ್ದು 2011ರಲ್ಲಿ ಬಿಟ್ಟು ಬಂದವನು ನಾನು. ಬಿಡುವಾಗ ಒಂದು ಕೆಲಸ ಮಾಡಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಬಣ್ಣದ ವಿಚಾರ. ಇಂಗ್ಲಿಷ್ ತೋಟಗಾರಿಕೆಯ ಪುಸ್ತಕಗಳನ್ನು ಓದಿ 'ಆಟಮ್' ಎಂದರೆ ಎಲೆ ಕೆಂಪಾಗುವ ಕಾಲ ಎಂದು ನಾವೆಲ್ಲ ನಂಬಿದ್ದೇವೆ. ಚಳಿ ದೇಶಗಳಲ್ಲಿ ಅದು ನಿಜ. ಹಗಲು ಕುಗ್ಗಿ ತಂಪು ಏರಿದಂತೆ ಮರವು ಎಲೆಯ ಹಸಿರು ದ್ರವ್ಯವನ್ನು ಒಡೆದು ಸಾರವನ್ನು ಒಳಕ್ಕೆಳೆದುಕೊಳ್ಳುತ್ತದೆ. ಅಲ್ಲಿಯವರೆಗೆ ಹಸಿರಿನ ಮರೆಯಲ್ಲಿದ್ದ ಹಳದಿ ಆಗ ಕಣ್ಣಿಗೆ ಬೀಳುತ್ತದೆ. ಕೆಂಪು ಹಾಗಲ್ಲ, ಅನೇಕ ಮರಗಳು ಅದನ್ನು ಆ ಕೊನೆಯ ದಿನಗಳಲ್ಲಿ ಹೊಸದಾಗಿ ತಯಾರಿಸುತ್ತವೆ. ಕಾಶ್ಮೀರದ ಚಿನಾರ್ ನೋಡಿದವರಿಗೆ ಇದನ್ನು ವರ್ಣಿಸಬೇಕಾಗಿಲ್ಲ. ಆದರೆ ದೆಹಲಿಯ ಬಯಲಿನಲ್ಲಿ ಬೇವು, ಅರಳಿ ಎಲೆ ಉದುರಿಸುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಚಳಿ ಹಿಂದೆಗೆಯುವಾಗ. ನಮ್ಮ ಶರದೃತುವಿಗೂ ಎಲೆ ಉದುರುವುದಕ್ಕೂ ಇಲ್ಲಿ ನಂಟಿಲ್ಲ. ಶರತ್ಕಾಲದ ಬಣ್ಣ ಬೇಕೆಂದರೆ ಹೂವನ್ನೇ ನಂಬಬೇಕು.

ಹೂವಿಗೇನೂ ಬರವಿಲ್ಲ. ಸೆಪ್ಟೆಂಬರಿನಲ್ಲಿ ಯಮುನೆಯ ದಂಡೆಗೆ ಹೋದರೆ ಕಬ್ಬಿನ ಕುಲದ ಎತ್ತರದ ಹುಲ್ಲು ಬೆಳ್ಳಗೆ ತೆನೆ ಬಿಟ್ಟು ನಿಂತಿರುತ್ತದೆ. ಇಲ್ಲಿಯವರು ಕಾಂಸ್ ಎನ್ನುತ್ತಾರೆ. ಸಂಸ್ಕೃತದ ಕಾಶ ಇದೇ. ಋತುಸಂಹಾರದಲ್ಲಿ ಕಾಳಿದಾಸ ಶರದೃತುವನ್ನು ಮದುಮಗಳಾಗಿ ಕರೆತರುವಾಗ ಉಡಿಸುವುದು ಇದರ ಹೂವನ್ನೇ. ಬೇರು ನೆಲದಲ್ಲಿ ಹಬ್ಬಿಕೊಂಡು ಶಾಶ್ವತವಾಗಿ ನಿಲ್ಲುವ ಹುಲ್ಲು, ಅಂಗಳಕ್ಕೆ ಮಾತ್ರ ತರಬೇಡಿ, ಮತ್ತೊಂದು ಗಿಡವನ್ನು ಬಾಳಗೊಡದು. ಅಕ್ಟೋಬರಿನಲ್ಲಿ ಎತ್ತಿನ ಗೊರಸಿನಂತೆ ಸೀಳಿದ ಎಲೆಯ ದೇವಕಾಂಚನ ನೇರಳೆಗೆಂಪು ಹೂ ಬಿಡುತ್ತದೆ. ನಮ್ಮ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಒಂದಿತ್ತು. ನಮಗಿಂತ ಹಿಂದೆ ಅಲ್ಲಿದ್ದವರಲ್ಲಿ ಯಾರು ನೆಟ್ಟದ್ದೋ ತಿಳಿಯದು. ಪಾರಿಜಾತ ಆಗಸ್ಟಿನಿಂದಲೇ ಆರಂಭಿಸಿ ನವರಾತ್ರಿಯ ಹೊತ್ತಿಗೆ ಏರುತ್ತದೆ. ಸಂಜೆ ಅರಳಿ, ಬೆಳಗಾಗುವುದರೊಳಗೆ ಉದುರುವ ಹೂ. ಪೂಜೆಗೆ ನೆಲದಿಂದ ಆಯ್ದುಕೊಳ್ಳಬಹುದಾದ ಹೂ ಇದೊಂದೇ ಎಂದು ನಮ್ಮ ತಾಯಿ ಹೇಳುತ್ತಿದ್ದರು. ಪಕ್ಕದ ಮನೆಯ ಬಂಗಾಳಿ ಮಹನೀಯರಿಗೆ ಇದು ಶಿಉಲಿ, ಇದು ಬೀಳತೊಡಗಿದರೆ ದುರ್ಗಾಪೂಜೆ ಬಂತು ಎಂದೇ ಲೆಕ್ಕ.

ಇನ್ನು ಸೇವಂತಿಗೆ. ಊರಿನಲ್ಲಿ ನವರಾತ್ರಿಗೆ ಸೇವಂತಿಗೆ ಇಲ್ಲದ ಮನೆಯುಂಟೆ? ಇಲ್ಲಿ ಆ ಹೊತ್ತಿಗೆ ಅಂಗಳದ ಗಿಡದಲ್ಲಿ ಮೊಗ್ಗು ಕೂಡ ಕಾಣುವುದು ಕಷ್ಟ. ದೀಪಾವಳಿ ಕಳೆದು, ನವೆಂಬರ್ ಅರ್ಧವಾದ ಮೇಲೆ ಒಮ್ಮೆಗೇ ಬರುತ್ತದೆ. ಇದಕ್ಕೆ ಚಳಿ ಕಾರಣವೆಂದು ನಾನು ಬಹುಕಾಲ ತಿಳಿದಿದ್ದೆ. ಸೇವಂತಿಗೆ ಲೆಕ್ಕವಿಡುವುದು ಮುಖ್ಯವಾಗಿ ಕತ್ತಲೆಯನ್ನು. ರಾತ್ರಿ ಒಂದು ಮಟ್ಟಿಗೆ ಉದ್ದವಾಗುವವರೆಗೆ ಅದು ಎಲೆಯನ್ನಷ್ಟೇ ಬೆಳೆಸುತ್ತದೆ. ಜೂನ್ ಕೊನೆಗೆ ದೆಹಲಿಯ ಹಗಲು ಹತ್ತಿರ ಹತ್ತಿರ 14 ಗಂಟೆ. ಬೆಂಗಳೂರಿನಲ್ಲಿ ಅದು 13ನ್ನೂ ಮುಟ್ಟುವುದಿಲ್ಲ. ಆದ್ದರಿಂದ ಇಲ್ಲಿಯ ಬೇಸಗೆ ಸೇವಂತಿಗೆಯನ್ನು ತಡೆದು ನಿಲ್ಲಿಸುತ್ತದೆ, ಅಲ್ಲಿಯದು ಅಷ್ಟಾಗಿ ತಡೆಯದು. ನಮ್ಮ ಕಡೆಯ ಕೆಲವು ರೈತರು ಹೂ ಬೇಗ ಬಂದು ಗಿಡ ಕುಳ್ಳಾಗದಿರಲೆಂದು ರಾತ್ರಿಯ ಹೊತ್ತು ಸೇವಂತಿಗೆ ಹೊಲಕ್ಕೆ ವಿದ್ಯುದ್ದೀಪದ ಸಾಲು ಕಟ್ಟುವುದು ಇದಕ್ಕಾಗಿಯೇ. ಗಿಡಗಳು ಹೀಗೆ ಹಗಲಿರುಳಿನ ಉದ್ದವನ್ನು ಅಳೆಯುತ್ತವೆ ಎಂಬುದನ್ನು ಅಮೆರಿಕದ ಗಾರ್ನರ್ ಮತ್ತು ಆಲರ್ಡ್ ಎಂಬಿಬ್ಬರು ಹೊಗೆಸೊಪ್ಪು, ಸೋಯಾಬೀನುಗಳನ್ನು ಬೆಳೆಸಿ ನೋಡಿ 1920ರಲ್ಲಿ ಪ್ರಕಟಿಸಿದರು.

ಈ ಪಾಠ ನನಗೆ ಪುಸ್ತಕದಿಂದ ಬರಲಿಲ್ಲ. ಗೇಟಿನ ಬಳಿ ಇಟ್ಟಿದ್ದ ಆರು ಕುಂಡಗಳ ಸೇವಂತಿಗೆ ಎರಡು ವರ್ಷ ಹೂವನ್ನೇ ಬಿಡಲಿಲ್ಲ. ಹಿತ್ತಿಲಲ್ಲಿದ್ದವು ತುಂಬ ಬಿಟ್ಟವು. ಗೊಬ್ಬರ ಬದಲಿಸಿದೆ, ಮಣ್ಣು ಬದಲಿಸಿದೆ, ಕೊನೆಗೆ ಗಿಡವೇ ಕೆಟ್ಟ ಜಾತಿ ಎಂದು ಬೈದೆ. ಒಂದು ಪುಷ್ಪ ಪ್ರದರ್ಶನದಲ್ಲಿ ವಯಸ್ಸಾದ ಮಾಲಿಯೊಬ್ಬ ನನ್ನ ಕಥೆಯನ್ನೆಲ್ಲ ಕೇಳಿ, "ಬಾಬೂಜಿ, ಗೇಟಿನ ಹತ್ತಿರ ದೀಪದ ಕಂಬ ಇದೆಯೆ?" ಎಂದ. ಇತ್ತು. ಗುಲ್‌ದಾವುದಿಗೆ ರಾತ್ರಿ ನಿದ್ದೆ ಕೊಡಿ ಎಂದು ನಕ್ಕ. ಕುಂಡಗಳನ್ನು ಆಗಸ್ಟಿನಲ್ಲೇ ಹಿತ್ತಿಲಿಗೆ ಒಯ್ದೆ, ಆ ವರ್ಷ ಹೂವಾಯಿತು.

ಬಹುವಾರ್ಷಿಕ ಎಂಬ ಪದದ ಬಗ್ಗೆಯೂ ಇಲ್ಲಿ ಎರಡು ಮಾತು ಹೇಳಬೇಕು. ಪುಸ್ತಕದ ಪ್ರಕಾರ ಸೇವಂತಿಗೆ ಬಹುವಾರ್ಷಿಕ. ಆದರೆ ದೆಹಲಿಯ ಸಾವಿರಾರು ಮನೆಗಳಲ್ಲಿ ಅದು ನವೆಂಬರಿನಲ್ಲಿ ಕುಂಡದ ಸಮೇತ ಬಂದು ಜನವರಿಯಲ್ಲಿ ಕಸದ ಗಾಡಿ ಹತ್ತುತ್ತದೆ. ಹೂ ಒಣಗಿದ ಮೇಲೆ ಕಡ್ಡಿಯನ್ನು ಗೇಣುದ್ದಕ್ಕೆ ಕತ್ತರಿಸಿ, ಬುಡದಿಂದ ಏಳುವ ಮರಿಗಳನ್ನು ಫೆಬ್ರವರಿಯಲ್ಲಿ ಬಿಡಿಸಿ ಬೇರೆ ಕುಂಡಕ್ಕೆ ಹಾಕಬೇಕು. ಮೇ ತಿಂಗಳ ಬಿಸಿಗಾಳಿಗೆ ನೆರಳಿನಲ್ಲಿಟ್ಟು ಕಾಯಬೇಕು. ಮಳೆಗಾಲದಲ್ಲಿ ನೀರು ನಿಲ್ಲದ ಹಾಗೆ ನೋಡಬೇಕು. ಬಿಸಿಲಿಗಿಂತ ನಿಂತ ನೀರಿಗೆ ಸಾಯುವುದೇ ಹೆಚ್ಚು. ತುದಿ ಚಿವುಟಿ ಕವಲೊಡೆಸಬೇಕು. ಇಷ್ಟೆಲ್ಲ ಮಾಡುವವನ ಮನೆಯಲ್ಲಿ ಅದು ಬಹುವಾರ್ಷಿಕ, ಮಾಡದವನ ಮನೆಯಲ್ಲಿ ಎರಡು ತಿಂಗಳ ಅತಿಥಿ. ಗಿಡದ ಆಯುಸ್ಸು ಅದರ ಜಾತಿಯಲ್ಲಿರುವಷ್ಟೇ ಪಕ್ಕದಲ್ಲಿರುವ ಮನುಷ್ಯನಲ್ಲೂ ಇರುತ್ತದೆ. ಹಾಗಿದ್ದರೆ, ಆ ಮನುಷ್ಯ ಮೂರು ವರ್ಷಕ್ಕೆ ಎದ್ದು ಹೋಗುವವನೆಂದು ಮೊದಲೇ ಗೊತ್ತಿರುವಾಗ ನೆಡುವುದು ಸರಿಯೆ?

ನಮ್ಮ ಕಾಲೋನಿಯಲ್ಲಿ ಇದಕ್ಕೆ ಎರಡು ಉತ್ತರಗಳಿದ್ದವು. ಎದುರು ಮನೆಯ ಅಧಿಕಾರಿಗಳು ವರ್ಗವಾಗಿ ಹೊರಟಾಗ ಇಪ್ಪತ್ತು ಗುಲಾಬಿ ಗಿಡಗಳನ್ನು ಕೀಳಿಸಿ ಟ್ರಕ್ಕಿಗೆ ಹಾಕಿಸಿದರು. "ನನ್ನ ದುಡ್ಡು, ನನ್ನ ಗೊಬ್ಬರ" ಎಂದರು. ನಾವೆಲ್ಲ ಆಡಿಕೊಂಡೆವು. ಆದರೆ ಕಾನೂನು ಅವರ ಕಡೆಗೇ ಇದ್ದಂತಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣದ ಪ್ರಕಾರ, ಗೇಣಿ ಮುಗಿದರೂ ಸ್ವತ್ತು ತನ್ನ ವಶದಲ್ಲಿರುವವರೆಗೆ ಗೇಣಿದಾರನು ತಾನು ಭೂಮಿಗೆ ಸೇರಿಸಿದ್ದನ್ನೆಲ್ಲ ತೆಗೆದುಕೊಂಡು ಹೋಗಬಹುದು, ಸ್ವತ್ತನ್ನು ಮಾತ್ರ ತನಗೆ ಸಿಕ್ಕಿದ ಸ್ಥಿತಿಯಲ್ಲೇ ಬಿಡಬೇಕು. ಭೂಮಿಗೆ ಸೇರಿದ್ದು ಎಂದರೆ ಬೇರೂರಿದ ಗಿಡಮರಗಳೂ ಸೇರಿ ಎಂದು ಅದೇ ಅಧಿನಿಯಮ ಹೇಳುತ್ತದೆ. ಸರ್ಕಾರಿ ವಸತಿ ಗೇಣಿಯಲ್ಲ, ಇರಲು ಕೊಟ್ಟ ಅನುಮತಿ ಅಷ್ಟೇ ಎಂದು ಬಲ್ಲವರು ತಿದ್ದಬಹುದು. ಅದಿರಲಿ, ಒಯ್ಯಬಹುದು ಎಂದ ಮಾತ್ರಕ್ಕೆ ಒಯ್ಯುವುದು ಸರಿ ಎಂದಾಗುವುದಿಲ್ಲವಷ್ಟೆ.

ಇನ್ನೊಂದು ಉತ್ತರ ನಮ್ಮ ಗೀತಾಪಾರಾಯಣದ ಮಿತ್ರರದು. "ರಾಯರೆ, ನೆಡುವುದು ನಿಮ್ಮ ಕರ್ಮ, ಹೂ ಯಾರಿಗೋ. ಫಲದ ಆಸೆ ಬಿಡಿ" ಎನ್ನುತ್ತಿದ್ದರು. ಕೇಳಲು ಚೆನ್ನ. ಆದರೆ ಹೂವಿನ ಆಸೆಯೇ ಇಲ್ಲದವನು ಸೇವಂತಿಗೆಯ ಕುಂಡವನ್ನು ದೀಪದ ಬೆಳಕಿನಿಂದ ತಪ್ಪಿಸಿ ಇಡುತ್ತಾನೆಯೆ? ಮೊಗ್ಗು ಮೂಡಿತೇ ಎಂದು ಬೆಳಿಗ್ಗೆ ಎದ್ದು ಮೊದಲು ಅಲ್ಲಿಗೇ ಹೋಗುವವನು ನಾನು. ಆಸೆ ಬಿಟ್ಟು ನೆಟ್ಟ ಗಿಡಗಳನ್ನು ನಾನು ನೋಡಿದ್ದೇನೆ: ವನಮಹೋತ್ಸವದ ದಿನ ಫೋಟೋ ತೆಗೆಸಿಕೊಂಡು ನೆಟ್ಟವು, ದಸರೆಗೆ ಒಣಕಡ್ಡಿ. ಆ ಮಿತ್ರರ ಅಂಗಳದಲ್ಲಿ ಒಂದು ತುಳಸಿಯ ವಿನಾ ಏನೂ ಇರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಅವರು ಬೇಸರಪಡುವುದಿಲ್ಲ.

ಈಗ ನನ್ನ ಕಥೆ. ನಮ್ಮ ತಾಯಿ ಒಮ್ಮೆ ಊರಿನಿಂದ ಬರುವಾಗ ಸೆರಗಿನ ತುದಿಯಲ್ಲಿ ಪಾರಿಜಾತದ ಕಾಯಿಗಳನ್ನು ಗಂಟು ಕಟ್ಟಿಕೊಂಡು ತಂದರು. ಬಿಲ್ಲೆಯಂತೆ ಚಪ್ಪಟೆಯಾದ ಕಾಯಿ, ಒಳಗೆ ಎರಡು ಬೀಜ. ಅಂಗಳದ ಮೂಲೆಯಲ್ಲಿ ಹಾಕಿದ್ದರಲ್ಲಿ ಒಂದು ಹುಟ್ಟಿತು. ಮೂರು ನಾಲ್ಕು ವರ್ಷಕ್ಕೆ ಹೂ ಬಿಟ್ಟಿತು. ತಾಯಿ ಕೊನೆಯ ಎರಡು ಶರತ್ಕಾಲಗಳಲ್ಲಿ ಬೆಳಗಿನ ಜಾವ ಅದರ ಕೆಳಗೆ ಹಳೆಯ ಸೀರೆ ಹಾಸಿ ಹೂ ಕೂಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ನನ್ನ ಹೆಂಡತಿಗೆ ಬಂತು.

2011ರ ಮಾರ್ಚಿನಲ್ಲಿ ನಿವೃತ್ತಿ. ದ್ವಾರಕೆಯಲ್ಲಿ ಕೊಂಡಿದ್ದ ಫ್ಲಾಟು ಮೂರನೆಯ ಮಹಡಿಯಲ್ಲಿ. ಕ್ವಾರ್ಟರ್ಸಿನ ವಶ ತೆಗೆದುಕೊಳ್ಳಲು ಬಂದ ನೌಕರ ಫ್ಯಾನು, ನಲ್ಲಿ, ಸ್ವಿಚ್ಚುಗಳನ್ನೆಲ್ಲ ಎಣಿಸಿ ಬರೆದುಕೊಂಡ. ಅಂಗಳಕ್ಕೆ ಬರಲೇ ಇಲ್ಲ. ಅವನ ಪಟ್ಟಿಯಲ್ಲಿ ಗಿಡಕ್ಕೆ ಕಾಲಂ ಇರಲಿಲ್ಲ. ಅದಕ್ಕೆ ಹಿಂದಿನ ದಿನವೇ ಇಬ್ಬರು ಕೂಲಿಗಳನ್ನು ಕರೆಸಿ ನಾನು ತಾಯಿಯ ಪಾರಿಜಾತವನ್ನು ಅಗೆಸಿದ್ದೆ. ಆಗ ಅದು ನನಗಿಂತ ಎತ್ತರವಿತ್ತು. ಹೆಂಡತಿ ಬೇಡವೆಂದಳು. "ಅದು ಇಲ್ಲೇ ಹುಟ್ಟಿದ್ದು, ನಾವು ಊರಿಂದ ಬಂದವರು" ಎಂದಳು. ನಾನು ಕೇಳಲಿಲ್ಲ. ಪಿಕಾಸಿ ಏಟಿಗೆ ತಾಯಿಬೇರು ಮುರಿದ ಸದ್ದು ನನಗೆ ಕೇಳಿಸಿತು. ಆಗಲಾದರೂ ನಿಲ್ಲಿಸಬಹುದಾಗಿತ್ತು, ಆದರೆ ಅಷ್ಟು ಹೊತ್ತಿಗೆ ನಿಲ್ಲಿಸಿ ಪ್ರಯೋಜನವೂ ಇರಲಿಲ್ಲ. ದೊಡ್ಡ ಡ್ರಮ್ಮಿನಲ್ಲಿ ನೆಟ್ಟು ಬಾಲ್ಕನಿಯಲ್ಲಿಟ್ಟೆವು. ಏಪ್ರಿಲಿನಲ್ಲಿ ಎರಡು ಚಿಗುರು ಬಂತು, ಮೇ ತಿಂಗಳಲ್ಲಿ ಒಣಗಿತು.

ಎರಡು ವರ್ಷದ ಮೇಲೆ ಆ ಕಡೆ ಹೋದಾಗ ಹಳೆಯ ಮನೆಯ ಮುಂದೆ ನಿಂತೆ. ಅಂಗಳಕ್ಕೆ ಸಿಮೆಂಟು ಬಳಿದು ಕಾರು ನಿಲ್ಲಿಸಿದ್ದರು. ನನಗೆ ಮೊದಲು ಆದದ್ದು ದುಃಖವಲ್ಲ, ಸಮಾಧಾನ: ಬಿಟ್ಟು ಬಂದಿದ್ದರೂ ಅದು ಉಳಿಯುತ್ತಿರಲಿಲ್ಲ, ನನ್ನ ತಪ್ಪೇನೂ ಇಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, "ಅವರು ಕಡಿಯುತ್ತಿದ್ದರು ಅಂತ ನೀವು ಮೊದಲೇ ಕಡಿದಿರಾ?" ಎಂದಳು. ಈ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ಮುಂದೆ ಆಗಲಿರುವ ಕೇಡು ನನಗೆ ಆಗ ತಿಳಿದಿರಲಿಲ್ಲ. ತಿಳಿದಿದ್ದು ಮಾಡಿದ್ದರೆ ಬೇರೆ ಮಾತು. ನಾನು ಅಗೆದದ್ದು ಗಿಡವನ್ನು ಉಳಿಸಲಿಕ್ಕಲ್ಲ, ಅದರ ಹೂ ಬೇರೆಯವರ ಪಾಲಾಗುವುದು ಸಹಿಸದೆ. ಆಮೇಲೆ ನಡೆದದ್ದು ಆ ಕಾರಣವನ್ನು ತಿದ್ದಲಾರದು. ಗುಲಾಬಿಯನ್ನು ಟ್ರಕ್ಕಿಗೆ ಹಾಕಿದ ಅಧಿಕಾರಿಗೂ ನನಗೂ ಇದ್ದ ವ್ಯತ್ಯಾಸ ಒಂದೇ, ಅವರ ಗಿಡಗಳು ಬದುಕಿರಲೂಬಹುದು.

ಬಿಟ್ಟು ಹೋದದ್ದೆಲ್ಲ ಉಳಿಯುತ್ತದೆ ಎಂದು ನಾನು ಹೇಳುವುದಿಲ್ಲ. 2018ರ ಜೂನಿನಲ್ಲಿ ಸರೋಜಿನಿ ನಗರ, ನೇತಾಜಿ ನಗರ ಮೊದಲಾದ ಕಾಲೋನಿಗಳ ಪುನರ್ನಿರ್ಮಾಣಕ್ಕೆ ಸಾವಿರಾರು ಮರ ಕಡಿಯುವ ಯೋಜನೆಯಾದಾಗ ಜನ ಬೀದಿಗಿಳಿದರು, ಉಚ್ಚ ನ್ಯಾಯಾಲಯ ತಡೆಯನ್ನೂ ಕೊಟ್ಟಿತು. ಅವುಗಳಲ್ಲಿ ನಮ್ಮ ಹಾಗೆ ಬಂದು ಹೋದ ಗುಮಾಸ್ತರು, ಅಧಿಕಾರಿಗಳು ನೆಟ್ಟ ಮರಗಳೂ ಇದ್ದಿರಬೇಕು. ಶಾಶ್ವತ ಎಂದರೆ ಏನೆಂದು ತಿಳಿಯಲು ಫಿರೋಜ್ ಷಾ ಕೋಟ್ಲಾಗೆ ಹೋಗಿ ಅಶೋಕನ ಕಂಬ ನೋಡಬೇಕು. ದಾರಿಯುದ್ದಕ್ಕೂ ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ಆಲದ ಮರ ನೆಡಿಸಿದೆ, ಮಾವಿನ ತೋಪು ಮಾಡಿಸಿದೆ ಎಂದು ಅವನು ಹೇಳಿಕೊಂಡಿರುವುದು ಈ ಕಂಬದ ಮೇಲೆ. ಹೇಳಿ, ಇದೇನು ದೊಡ್ಡದಲ್ಲ, ಹಿಂದಿನ ಅರಸರೂ ಇಂಥ ಸೌಕರ್ಯ ಮಾಡಿದ್ದಾರೆ, ಜನ ಧರ್ಮದ ದಾರಿ ಹಿಡಿಯಲೆಂದು ನಾನು ಮಾಡಿದೆ ಎಂಬರ್ಥದ ಮಾತನ್ನೂ ಸೇರಿಸಿದ್ದಾನೆ. ಅವನ ಆಲಗಳು ಇಲ್ಲ. ಕಂಬವೂ ತನ್ನ ಜಾಗದಲ್ಲಿಲ್ಲ. 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅದನ್ನು ತೋಪ್ರಾ ಎಂಬ ಹಳ್ಳಿಯಿಂದ ಕೀಳಿಸಿ, ಬೂರುಗದ ಹತ್ತಿಯ ಮೇಲೆ ಮಲಗಿಸಿ, ದೋಣಿಗಳಲ್ಲಿ ಯಮುನೆಯ ಮೇಲೆ ತರಿಸಿದ. ಆ ಜೋಪಾನದಲ್ಲಿ ಅರ್ಧದಷ್ಟನ್ನು ನಾನು ತಾಯಿಯ ಪಾರಿಜಾತಕ್ಕೆ ತೋರಿಸಲಿಲ್ಲ ಎಂದು ಅಲ್ಲಿಗೆ ಹೋದಾಗಲೆಲ್ಲ ನೆನಪಾಗುತ್ತದೆ.

ನಮ್ಮ ಬೆಂಗಳೂರಿನ ಮಾತೇ ತೆಗೆದುಕೊಳ್ಳಿ. ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಮರ ಅರಳುವಂತೆ, ವರ್ಷವಿಡೀ ರಸ್ತೆಗಳಲ್ಲಿ ಹೂವಿರುವಂತೆ ಮರಗಳನ್ನು ಆರಿಸಿ ನೆಡಿಸಿದ ಕ್ರುಂಬಿಗಲ್ ಆ ಊರಿನವರಲ್ಲ. 1865ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1893ರಲ್ಲಿ ಬರೋಡೆಗೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದವರು. ಯುದ್ಧಕಾಲದಲ್ಲಿ ಶತ್ರುದೇಶದವರೆಂದು ಬಂಧನವನ್ನೂ ಅನುಭವಿಸಿದರು. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರು ಬಂದಾಗ ಎಷ್ಟು ವರ್ಷ ಇರುತ್ತೇನೆಂದು ಲೆಕ್ಕ ಹಾಕಿದ್ದರೋ ಏನೋ. ನೆಟ್ಟ ಮರಗಳನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ.

ಇಷ್ಟು ಹೇಳಿದ ಮೇಲೂ, ಬಿಟ್ಟು ಹೋಗುವುದೆಲ್ಲ ಪುಣ್ಯವೆಂದು ಬೀಗುವಂತಿಲ್ಲ. ನೆಟ್ಟು ಹೋಗುವವನು ಮುಂದೆ ಬರುವವನಿಗೆ ಕೊಡುವುದು ಕೊಡುಗೆಯೋ ಹೊರೆಯೋ ಎಂದು ಕೇಳಿಕೊಳ್ಳಬೇಕು. ನಮ್ಮ ಬ್ಲಾಕಿನ ತುದಿಯಲ್ಲಿ ಯಾರೋ ಹಾಲೆಯ ಮರ ಹಾಕಿದ್ದರು. ಇಲ್ಲಿಯವರ ಸಪ್ತಪರ್ಣಿ, ತುಳುನಾಡಿನವರು ಆಟಿ ಅಮಾವಾಸ್ಯೆಯ ದಿನ ತೊಗಟೆಯ ರಸ ಕುಡಿಯುವ ಮರ. ಅಕ್ಟೋಬರಿನಲ್ಲಿ ಅದು ಹೂವಾದರೆ ರಾತ್ರಿ ಬೀದಿಯೆಲ್ಲ ಗಂಧ. ನನಗೆ ಪ್ರಾಣ, ಆದರೆ ಅದರ ಕೆಳಗಿನ ಮನೆಯಲ್ಲಿದ್ದ ಅಸ್ತಮಾ ರೋಗಿ ಆ ಒಂದು ತಿಂಗಳು ಕಿಟಕಿ ತೆರೆಯುತ್ತಿರಲಿಲ್ಲ. ಅವರು ಆ ಮರಕ್ಕೂ ಆ ಮನೆಗೂ ಅರ್ಜಿ ಹಾಕಿ ಬಂದವರಲ್ಲ. ಗೋಡೆಗೆ ಒತ್ತಿ ನೆಟ್ಟ ಅರಳಿ, ಚರಂಡಿಗೆ ಬೇರು ಬಿಡುವ ರಬ್ಬರ್ ಗಿಡ, ಮುಳ್ಳಿನ ಬೋಗನ್‌ವಿಲ್ಲಾ ಇವೆಲ್ಲವೂ ಇದೇ ಜಾತಿ. ಉದಾರತೆಯ ಹೆಸರಿನಲ್ಲಿ ನಮ್ಮ ರುಚಿಯನ್ನು ಇನ್ನೊಬ್ಬರ ಮೇಲೆ ಮೂವತ್ತು ವರ್ಷ ಹೇರುವುದೂ ಒಂದು ಬಗೆಯ ಒಡೆತನವೇ. ಹಾಗೆ ನೋಡಿದರೆ ಕಾರು ನಿಲ್ಲಿಸಿದ ಆ ಮನೆಯವರ ಮೇಲೂ ನನಗೆ ಪೂರ್ತಿ ಸಿಟ್ಟು ಬರುವುದಿಲ್ಲ. ಅವರಿಗೆ ಬೇಕಾದದ್ದು ಅದು.

ಆದ್ದರಿಂದ ಆ ತರುಣ ದಂಪತಿಗಳಿಗೆ ನಾನು ಮತ್ತೆ ಫೋನು ಮಾಡಿದೆ. ಮೊದಲು ಕೊಟ್ಟ ಪಟ್ಟಿಯಲ್ಲಿ ದೊಡ್ಡ ಮರವಾಗುವವನ್ನು ತೆಗೆಯಲು ಹೇಳಿದೆ. ಸೇವಂತಿಗೆ ಇಟ್ಟುಕೊಳ್ಳಲಿ, ಅದು ಮರಿಯೊಡೆಯುವ ಗಿಡ, ಒಂದು ಪಾಲು ಒಯ್ದರೂ ಒಂದು ಪಾಲು ಉಳಿಯುತ್ತದೆ, ಹೋಗುವವರಿಗೂ ಬರುವವರಿಗೂ ಜಗಳವಿಲ್ಲ. ಪಾರಿಜಾತ ಬೇಕೆಂದರೆ ಒಂದು ಹಾಕಲಿ, ಅದು ಅಂಗಳ ಮೀರುವುದಿಲ್ಲ, ಬೇಡವಾದವರು ತೆಗೆಯುವುದೂ ಸುಲಭ. ಆದರೆ ನೆಡುವ ದಿನವೇ ಅದು ಒಯ್ಯುವ ಗಿಡವಲ್ಲವೆಂದು ಇಬ್ಬರೂ ಒಪ್ಪಿಕೊಳ್ಳಬೇಕು, ಬೇಕಾದರೆ ಬೀಜ ಆರಿಸಿಕೊಂಡು ಹೋಗಬಹುದು. ನನ್ನ ತಾಯಿ ಮಾಡಿದ್ದೂ ಅದನ್ನೇ, ಊರಿನ ಮರವನ್ನು ಅವರು ಅಗೆದು ತರಲಿಲ್ಲ.

ಯಜಮಾನರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರನೆಯ ವರ್ಷ ಅದು ಹೂ ಬಿಡುತ್ತದೆಯೆ?" ಎಂದರು. ಬಿಟ್ಟರೂ ಬಿಡಬಹುದು, ಬಿಡದೆಯೂ ಇರಬಹುದು ಎಂದೆ. ಸೇವಂತಿಗೆಯ ಮರಿ ನನ್ನ ಬಾಲ್ಕನಿಯಲ್ಲಿ ಎಂಟು ಬಗೆಯದಿವೆ, ಕ್ವಾರ್ಟರ್ಸಿನಿಂದ ತಂದವುಗಳ ಸಂತಾನ. ಫೆಬ್ರವರಿ ಎರಡನೆಯ ವಾರ ಬಂದು ಒಯ್ಯಲು ಹೇಳಿದ್ದೇನೆ. ಕುಂಡ ಮಾತ್ರ ಅವರೇ ತರಬೇಕು. ಗೇಟಿನ ಬಳಿ ದೀಪದ ಕಂಬ ಇದೆಯೇ ನೋಡಿಕೊಂಡು ಬನ್ನಿ ಎಂದೂ ಹೇಳಿದ್ದೇನೆ.